ಪಕ್ಕದ ಮನೆ ಕಿಟಕಿಗೆ ಹಸಿರು ಪರದೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಗೋಳು. ಪಕ್ಕದಲ್ಲಿ ಮನೆ ಎದ್ದಿದೆ, ಹಿತ್ತಲಲ್ಲಿ ನೆಮ್ಮದಿಯಿಂದ ಕೂರುವಂತಿಲ್ಲ, ಗೋಡೆ ಎತ್ತರಿಸಲು ದುಡ್ಡಿಲ್ಲ. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಮರೆ ಗಿಡಗಳದ್ದೇ.

ಪ್ರಶ್ನೆ: ಮೇಡಂ, ತುಮಕೂರಿನ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಹಿಂದಿನ ಸೈಟಿನಲ್ಲಿ ನೆಲಮಹಡಿಯ ಮೇಲೆ ಎರಡು ಮಹಡಿ ಕಟ್ಟಿದ್ದಾರೆ. ನಾನು ಬಟ್ಟೆ ಒಗೆಯುವ ಕಲ್ಲು ಅವರ ಕಿಟಕಿಗೆ ನೇರ. ಕಾಂಪೌಂಡ್ ಉದ್ದಕ್ಕೂ 40 ಅಡಿ ಉದ್ದ, 3 ಅಡಿ ಅಗಲದ ಮಣ್ಣಿನ ಜಾಗ ಇದೆ. ನರ್ಸರಿಯಲ್ಲಿ ಎಂಟಡಿ ಎತ್ತರದ ಅಶೋಕ ಗಿಡದ ರೇಟು ಕೇಳಿ ಸುಮ್ನೆ ವಾಪಸ್ ಬಂದೆವು. ಸಣ್ಣ ಸಸಿ ಹಾಕಿದರೆ ಮರೆಯಾಗುವಷ್ಟರಲ್ಲಿ ನಮಗೇ ವಯಸ್ಸಾಗಿರುತ್ತದೆ ಅಂತಾರೆ ನಮ್ಮ ಯಜಮಾನರು. ನಿಜವಾ?

ಉತ್ತರ: ಯಜಮಾನರಿಗೆ ಹೇಳಿ, ಅಷ್ಟೇನೂ ಕಾಯಬೇಕಿಲ್ಲ. ಆದರೆ ಗಿಡ ತರುವ ಮೊದಲು ಒಂದು ಲೆಕ್ಕ ಹಾಕಿ, ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಬೇಡದ ಕಡೆ ಬೇಡದ ಎತ್ತರದ ಮರ ಬೆಳೆಸಿ ಪೇಚಾಡುತ್ತಾರೆ.

ಒಗೆಯುವ ಕಲ್ಲಿನ ಹತ್ತಿರ ನಿಂತು ಆ ಕಿಟಕಿ ಕಡೆ ನೋಡಿ. ನಿಮ್ಮ ಕಣ್ಣಿನಿಂದ ಕಿಟಕಿಯ ಮೇಲಂಚಿಗೆ ಒಂದು ದಾರ ಕಟ್ಟಿದೆ ಅಂದುಕೊಳ್ಳಿ. ಆ ದಾರ ನಿಮ್ಮ ಕಾಂಪೌಂಡನ್ನು ಎಷ್ಟು ಎತ್ತರದಲ್ಲಿ ದಾಟುತ್ತದೋ ಅಷ್ಟು ಎತ್ತರದ ಗಿಡ ಇದ್ದರೆ ಸಾಕು. ನಿಮ್ಮ ಕಣ್ಣು ನೆಲದಿಂದ ಐದಡಿ ಎತ್ತರದಲ್ಲಿದೆ, ಕಿಟಕಿ ನಿಮ್ಮಿಂದ 25 ಅಡಿ, ಕಾಂಪೌಂಡ್ 15 ಅಡಿ ದೂರ ಇದೆ ಅಂತಿಟ್ಟುಕೊಳ್ಳೋಣ. ಮೊದಲ ಮಹಡಿಯ ಕಿಟಕಿಯ ಮೇಲಂಚು ನೆಲದಿಂದ 17 ಅಡಿ ಇದ್ದರೆ ಕಾಂಪೌಂಡಿನ ಸಾಲು ಸುಮಾರು 12 ಅಡಿ ಬೆಳೆದರೆ ಮುಗಿಯಿತು. ಎರಡನೇ ಮಹಡಿಯ ಕಿಟಕಿ 27 ಅಡಿಯಲ್ಲಿದ್ದರೆ ಅದೇ ಸಾಲು 18 ಅಡಿಗೆ ಹೋಗಬೇಕು, ಮೂರಡಿ ಅಗಲದ ಪಟ್ಟಿಯಲ್ಲಿ ಅದು ಸುಮ್ನೆ ತಲೆನೋವು. ಅದರ ಬದಲು ಕಲ್ಲಿನಿಂದ ಐದೇ ಅಡಿ ಆಚೆ ಒಂದು ಸೀಬೆ ಗಿಡ ಹಾಕಿ. ಅಷ್ಟು ಹತ್ತಿರದಲ್ಲಿ ಹತ್ತಡಿ ಎತ್ತರದ ಗಿಡವೇ ಆ ಮೇಲಿನ ಕಿಟಕಿಯನ್ನು ಮುಚ್ಚುತ್ತದೆ. ಮರೆ ಅಂದರೆ ಬೇಲಿ ಅಂಚಿನಲ್ಲೇ ಇರಬೇಕು ಅಂತ ಎಲ್ಲಿದೆ?

ಇನ್ನೊಂದು ವಿಷಯ. ನಿಮ್ಮ ಕಾಂಪೌಂಡ್ ಐದಡಿ ಇದ್ದರೆ ಕೆಳಗಿನ ಐದಡಿಯಲ್ಲಿ ಎಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಿಮಗೆ ದಟ್ಟವಾಗಿ ಬೇಕಾದ್ದು ಅದರ ಮೇಲಿನ ಏಳಡಿ.

ನಿಮ್ಮ ಜಾಗಕ್ಕೆ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಅಶೋಕವೇ ಸರಿ. ಅಗಲಕ್ಕೆ ಹರಡುವುದಿಲ್ಲ, ಎಲೆ ವರ್ಷವಿಡೀ ಇರುತ್ತದೆ. ಎಂಟಡಿಯದ್ದು ಮಾತ್ರ ತರಬೇಡಿ. ದೊಡ್ಡ ಗಿಡವನ್ನು ಚೀಲದಲ್ಲಿ ವರ್ಷಗಟ್ಟಲೆ ಇಟ್ಟಿರುತ್ತಾರೆ, ಬೇರು ಒಳಗೇ ಸುತ್ತಿ ಸುತ್ತಿ ಗಂಟಾಗಿರುತ್ತದೆ, ನೆಲಕ್ಕೆ ಹಾಕಿದ ಮೇಲೆ ಸಾಕಷ್ಟು ದಿನ ಮಂಕಾಗಿ ನಿಲ್ಲುತ್ತದೆ. ಒಂದೆರಡು ಅಡಿಯ ಸಸಿ ಮಳೆಗಾಲದಲ್ಲಿ ಬೇಗ ಬೇರು ಬಿಟ್ಟು ಹೊರಡುತ್ತದೆ, ಕೆಲವೇ ವರ್ಷಗಳಲ್ಲಿ ದೊಡ್ಡದನ್ನು ಹಿಡಿಯುವುದೂ ಉಂಟು. ತರುವಾಗ ಚೀಲದ ತಳ ನೋಡಿ. ಬೇರು ಹೊರಗೆ ಬಂದು ನೆಲಕ್ಕೆ ಅಂಟಿದ್ದರೆ, ಕಿತ್ತು ಕೊಟ್ಟರೆ, ಬೇಡ ಅನ್ನಿ. ಕಾಂಡ ತೆಳ್ಳಗೆ ಉದ್ದಕ್ಕೆ ಹೋಗಿರುವುದಕ್ಕಿಂತ ಗಿಡ್ಡ, ದಪ್ಪ ಕಾಂಡದ್ದು ಒಳ್ಳೆಯದು. ಪುಕ್ಕಟೆ ಬೇಕೆಂದರೆ ಮಳೆಗಾಲದಲ್ಲಿ ಅಶೋಕ ಮರದ ಕೆಳಗೆ ಬಾವಲಿ ತಿಂದು ಬಿಸಾಡಿದ ಬೀಜ ಸಿಗುತ್ತದೆ. ತಂದ ದಿನವೇ ಮಣ್ಣಿಗೆ ಹಾಕಿ, ಒಣಗಿಸಿಟ್ಟರೆ ಹುಟ್ಟುವುದು ಕಷ್ಟ.

ಅರಣ್ಯ ಇಲಾಖೆಯ ನರ್ಸರಿಗೂ ಒಮ್ಮೆ ಹೋಗಿ ಬನ್ನಿ. 5×8, 6×9, 8×12 ಇಂಚು ಅಂತ ಚೀಲದ ಅಳತೆ ಮೇಲೆ ರೇಟು ಇರುತ್ತದೆ, ಖಾಸಗಿಯವರಿಗಿಂತ ತುಂಬಾ ಅಗ್ಗ. ಮುಂಗಾರು ಶುರುವಾಗುವ ಹೊತ್ತಿಗೆ, ಜೂನ್ ಮೊದಲಲ್ಲೇ ಹೋಗಿ, ತಡವಾದರೆ ಒಳ್ಳೆಯವೆಲ್ಲ ಖಾಲಿ. ಅಲ್ಲಿ ಹೊಂಗೆ, ನೇರಳೆ, ಬೇವು ಜಾಸ್ತಿ ಸಿಗುತ್ತವೆ. ಅಗ್ಗ ಅಂತ ಅವನ್ನು ನಿಮ್ಮ ಮೂರಡಿಗೆ ತುರುಕಬೇಡಿ, ಅವು ಅಗಲ ಜಾಗದ ಮರಗಳು.

ಗೋಡೆಯಿಂದ ಎರಡಡಿ ಬಿಟ್ಟು, ನಾಲ್ಕಡಿಗೆ ಒಂದರಂತೆ ಹಾಕಿದರೆ ಹತ್ತೋ ಹನ್ನೊಂದೋ ಸಸಿ ಸಾಕು. ಒಂದೂವರೆ ಅಡಿ ಗುಂಡಿ, ಕೊಟ್ಟಿಗೆ ಗೊಬ್ಬರ, ಗೆದ್ದಲಿದ್ದರೆ ಒಂದು ಹಿಡಿ ಬೇವಿನ ಹಿಂಡಿ. ಎರಡು ಅಶೋಕದ ನಡುವೆ ಒಂದೊಂದು ದಾಸವಾಳದ ಕಡ್ಡಿ ನೆಡಿ, ಅದನ್ನು ಯಾರ ಮನೆಯಲ್ಲಿ ಕೇಳಿದರೂ ಕೊಡುತ್ತಾರೆ. ಹೈಬ್ರಿಡ್ ಬೇಡ, ಹಳೇ ಕಾಲದ ಕೆಂಪು ದಾಸವಾಳವೇ ಎತ್ತರ ಬರುವುದು. ಅದು ಒಂದೂವರೆ ಅಡಿ ಬೆಳೆದ ಕೂಡಲೇ ತುದಿ ಚಿವುಟಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಈಗ ತಾನೇ ಬೆಳೀತಿದೆ, ಕತ್ತರಿಸೋದಾ ಅಂತ. ಆದರೆ ತುದಿ ಹೋದರೆ ಮಾತ್ರ ಪಕ್ಕದ ಮೊಗ್ಗು ಒಡೆದು ಮೂರ್ನಾಲ್ಕು ಕವಲು ಬರುತ್ತದೆ. ಅವು ಒಂದಡಿ ಬೆಳೆದರೆ ಮತ್ತೆ ಚಿವುಟಿ. ಹಾಗೆ ಬಿಟ್ಟ ಗಿಡ ಎತ್ತರಕ್ಕೆ ಹೋಗುತ್ತದೆ, ಮರೆ ಕೊಡುವುದಿಲ್ಲ, ಕಾಂಡಗಳ ನಡುವೆ ಎಲ್ಲ ಕಾಣುತ್ತಲೇ ಇರುತ್ತದೆ.

ಇನ್ನು ಕಾಯುವ ಮಾತು. ದಾಸವಾಳ ಎರಡು ವರ್ಷಕ್ಕೆ ಗೋಡೆ ದಾಟುತ್ತದೆ, ಅಶೋಕ 12 ಅಡಿಗೆ ಬರಲು ನೀರು ಗೊಬ್ಬರ ಸರಿಯಿದ್ದರೆ ನಾಲ್ಕೈದು ವರ್ಷ. ಅಲ್ಲಿಯವರೆಗೆ ನಡುನಡುವೆ ನಾಲ್ಕೈದು ಅಗಸೆ ಬೀಜ ಹಾಕಿ. ಎಣ್ಣೆಯ ಅಗಸೆ ಅಲ್ಲ, ಹೂವಿನ ಪಲ್ಯ ಮಾಡುತ್ತಾರಲ್ಲ, ಕೆಲವು ಕಡೆ ಚೊಗಚೆ ಅಂತಾರೆ, ಆ ಮರ. ಒಂದೇ ವರ್ಷದಲ್ಲಿ ಹತ್ತಡಿ ದಾಟುತ್ತದೆ. ಆಯುಸ್ಸು ಕಡಿಮೆ, ಗಾಳಿಗೆ ಮುರಿಯುತ್ತದೆ, ಅದಕ್ಕೇ ಶಾಶ್ವತವಾಗಿ ನಂಬಬಾರದು. ಉಳಿದವು ಮೇಲೆ ಬಂದಂತೆ ಇದನ್ನು ಕಡಿದು ಹಾಕಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಲೇಔಟಿನಲ್ಲಿ ಎಲ್ಲರೂ ಕೊನೊಕಾರ್ಪಸ್ ಹಾಕುತ್ತಿದ್ದಾರೆ. ಅಗ್ಗ, ನೀರು ಬೇಡ, ಆರು ತಿಂಗಳಲ್ಲಿ ಗೋಡೆ ಥರ ಆಗುತ್ತದೆ ಅಂತಾರೆ ನರ್ಸರಿಯವರು. ಹಾಕಬಹುದಾ?

ಉತ್ತರ: ಬೇಡ. ನರ್ಸರಿಯವರು ಹೇಳಿದ್ದು ಸುಳ್ಳಲ್ಲ, ಬೇಗ ಬೆಳೆಯುತ್ತದೆ, ದಟ್ಟವಾಗಿಯೂ ಇರುತ್ತದೆ. ಆದರೆ ಬೇರು ನೀರು ಹುಡುಕಿಕೊಂಡು ಚರಂಡಿ, ಪೈಪ್ ಒಳಗೆ ನುಗ್ಗುತ್ತದೆ, ಹೂ ಬಿಟ್ಟಾಗ ಅದರ ಪರಾಗದಿಂದ ಶೀತ, ಕೆಮ್ಮು, ಅಲರ್ಜಿ ಆಗುತ್ತದೆ ಅನ್ನುವ ದೂರು ಇದೆ. ಇದೇ ಕಾರಣ ಕೊಟ್ಟು ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು. ಈಗಾಗಲೇ ಹಾಕಿದವರು ಹೂ ಬಿಡುವ ಮೊದಲೇ ಕತ್ತರಿಸುತ್ತಾ ಇರಿ, ಸಂಪ್ ಹತ್ತಿರ ಇದ್ದರೆ ಚಿಕ್ಕದಿರುವಾಗಲೇ ತೆಗೆಸಿ.

ಬೇಗ ಬೆಳೆಯುತ್ತದೆ ಅಂತ ಹೊರಗಿನಿಂದ ತಂದ ಬೇಲಿ ಗಿಡಗಳ ಕಥೆ ನಮಗೆ ಹೊಸದೇನಲ್ಲ. ಲಂಟಾನವೂ ಅಂದಕ್ಕೆ, ಬೇಲಿಗೆ ಅಂತಲೇ ಬ್ರಿಟಿಷರ ಕಾಲದಲ್ಲಿ ಬಂದದ್ದು. ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಡೆ ಹೋದರೆ ಅದು ಎಲ್ಲಿಗೆ ಮುಟ್ಟಿದೆ ಅಂತ ಕಣ್ಣಿಗೆ ಕಾಣುತ್ತದೆ.

ಅದೇ ಖರ್ಚಿನಲ್ಲಿ ಗೋರಂಟಿ ಹಾಕಿ. ಒಂದಡಿಗೆ ಒಂದು ಸಸಿ, ಎರಡು ಸಾಲು, ಒಂದರ ಎದುರು ಇನ್ನೊಂದು ಬರದ ಹಾಗೆ ಓರೆಯಾಗಿ. ಏಳೆಂಟು ಅಡಿಗೆ ಒಳ್ಳೆಯ ಬೇಲಿ. ಕತ್ತರಿಸುವಾಗ ಬುಡ ಅಗಲ, ತಲೆ ಕಿರಿದು ಇರಲಿ. ತಲೆ ಅಗಲವಾದರೆ ಕೆಳಗೆ ಬಿಸಿಲು ಬೀಳದೆ ಬುಡ ಬೋಳಾಗುತ್ತದೆ, ಬೆಂಗಳೂರಿನ ಅರ್ಧ ಬೇಲಿಗಳ ಗತಿ ಇದೇ ಅಲ್ವಾ?

ಪ್ರಶ್ನೆ: ಶಿರಸಿ ಹತ್ತಿರ ತೋಟದ ಮನೆ. ಅಂಗಳದ ಮುಂದೆಯೇ ರಸ್ತೆ ಅಗಲವಾಯಿತು, ಈಗ ಜಗುಲಿಯಲ್ಲಿ ಕೂತರೆ ಬಸ್ಸಿನವರಿಗೆಲ್ಲ ನಾವೇ ಪ್ರದರ್ಶನ. ಗೊಬ್ಬರದ ಗಿಡದ ಗೂಟ ಹುಗಿದರೆ ಸಾಕಾ?

ಉತ್ತರ: ಗ್ಲಿರಿಸಿಡಿಯಾ ತಾನೇ? ಬೇಲಿಗೆ ಅದಕ್ಕಿಂತ ಸುಲಭದ್ದಿಲ್ಲ. ಬಲಿತ ಕೊಂಬೆ, ಹೆಬ್ಬೆರಳಿಗಿಂತ ದಪ್ಪ ಇರಲಿ, ಐದಡಿ ಉದ್ದಕ್ಕೆ ಓರೆಯಾಗಿ ಕಡಿದು, ಒಂದಡಿ ಮಣ್ಣೊಳಗೆ ಹೋಗುವ ಹಾಗೆ ಮೊದಲ ಮಳೆಗೆ ಹುಗಿದರೆ ಚಿಗುರುತ್ತದೆ. ಸೊಪ್ಪು ಅಡಿಕೆ ಬುಡಕ್ಕೂ ಆಯಿತು.

ತೊಂದರೆ ಒಂದೇ. ಚಳಿಗಾಲ ಮುಗಿಯುವ ಹೊತ್ತಿಗೆ ಅದು ಎಲೆ ಉದುರಿಸಿ ಬರೀ ಹೂ ಬಿಟ್ಟುಕೊಂಡು ನಿಲ್ಲುತ್ತದೆ. ನೋಡಲು ಚೆಂದ, ಆದರೆ ಮದುವೆ ಮುಂಜಿ ಅಂತ ಮನೆ ತುಂಬ ಜನ ಇರುವ ಹೊತ್ತಿಗೇ ನಿಮ್ಮ ಪರದೆ ಮಾಯ. ಹಾಲವಾಣವೂ ಹಾಗೆಯೇ ಎಲೆ ಉದುರಿಸುವ ಜಾತಿ, ಮೇಲಾಗಿ 2000ದ ದಶಕದ ನಡುವಿನಲ್ಲಿ ಬಂದ, ಎಲೆಯಲ್ಲಿ ಗಂಟು ಎಬ್ಬಿಸುವ ಸಣ್ಣ ಕಣಜದ ಹುಳದಿಂದ ಅದು ಬಹಳ ಕಡೆ ಸೊರಗಿತು. ಅದಕ್ಕೇ ಗೊಬ್ಬರದ ಗಿಡದ ಸಾಲಿನ ಒಳಗಡೆ, ಎರಡಡಿ ಬಿಟ್ಟು, ಆಡುಸೋಗೆಯ ಇನ್ನೊಂದು ಸಾಲು ಇರಲಿ. ಕಡ್ಡಿ ಚುಚ್ಚಿದರೆ ಬರುತ್ತದೆ, ಎಲೆ ದೊಡ್ಡದು, ಬೇಸಿಗೆಯಲ್ಲೂ ಹಸಿರು. ಕೂತವರ ತಲೆ ಮುಚ್ಚಲು ಆರಡಿ ಸಾಕಲ್ಲ, ಅಷ್ಟು ಎತ್ತರ ಅದು ಆರಾಮಾಗಿ ಬರುತ್ತದೆ. ರಸ್ತೆಯವರ ಜಾಗ ಎಲ್ಲಿಗೆ ಮುಗಿಯುತ್ತದೆ ಅಂತ ಮೊದಲು ತಿಳಿದುಕೊಂಡು ನೆಡಿ, ಮತ್ತೊಮ್ಮೆ ಅಗಲ ಮಾಡಿದರೆ ಬೇಲಿಯೇ ಹೋಗುತ್ತದೆ.

ಪ್ರಶ್ನೆ: ಅಕ್ಕಾರ, ಕಲಬುರಗಿ ತಾಲ್ಲೂಕು ನಮ್ಮದು. ಹೊಲದಾಗ ಮನೆ ಕಟ್ಟೀವಿ. ಕರಿ ಮಣ್ಣು, ನೀರು ಕಡಿಮಿ, ಊರ ಆಡು ಕುರಿ ಏನೂ ಉಳಿಸೂದಿಲ್ಲ. ಮನಿ ಸುತ್ತ ಮರೆ ಮಾಡೂದು ಹ್ಯಾಂಗ್ರಿ?

ಉತ್ತರ: ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಲಕ್ಕಿ ಗಿಡದ ತಂಟೆಗೆ ಅವು ಸಾಮಾನ್ಯವಾಗಿ ಹೋಗುವುದಿಲ್ಲ, ಆಡುಸೋಗೆಯನ್ನೂ ಬಿಡುತ್ತವೆ. ಹಳ್ಳದ ದಂಡೆಯಲ್ಲಿ ಲಕ್ಕಿ ಬೇಕಾದಷ್ಟಿರುತ್ತದೆ, ಮಳೆಗಾಲದಲ್ಲಿ ಕಡ್ಡಿ ತಂದು ಹೊರಗಿನ ಸಾಲಿಗೆ ಎರಡಡಿಗೊಂದು ಹಾಕಿ. ಅದರ ಒಳಗೆ, ನಾಲ್ಕಡಿ ಬಿಟ್ಟು ಬೇವು. ಸಸಿಯೇ ತರಬೇಕಿಲ್ಲ, ಜೂನ್ ಜುಲೈನಲ್ಲಿ ಉದುರಿದ ಬೇವಿನ ಹಣ್ಣಿನ ಸಿಪ್ಪೆ ತೆಗೆದು ಬೀಜ ತೊಳೆದು, ಒಂದೆರಡು ವಾರದೊಳಗೆ ಮೂರಡಿಗೊಂದು ಕಡೆ ಮೂರು ಮೂರು ಬೀಜ ಊರಿ. ತಡಮಾಡಿದರೆ ಬೀಜ ಸಾಯುತ್ತದೆ. ಹುಟ್ಟಿದ್ದರಲ್ಲಿ ಗಟ್ಟಿಯಾದ ಒಂದನ್ನು ಉಳಿಸಿಕೊಳ್ಳಿ. ಎಳೆ ಬೇವನ್ನು ಆಡು ತಿನ್ನುತ್ತದೆ, ಅದಕ್ಕೇ ಲಕ್ಕಿ ಹೊರಗೆ. ಲಕ್ಕಿ ದಟ್ಟವಾಗುವವರೆಗೆ ಒಂದೆರಡು ವರ್ಷ ಮುಳ್ಳು ಕಂಟಿ ಇಡಲೇಬೇಕು.

ಕರಿ ಮಣ್ಣಿನ ನಿಜವಾದ ಸಮಸ್ಯೆ ಬೇಸಿಗೆಯ ಬಿರುಕು. ಮಣ್ಣು ಬಾಯಿ ಬಿಟ್ಟಾಗ ಎಳೆ ಬೇರು ಹರಿದುಹೋಗುತ್ತದೆ, ಗಾಳಿ ಒಳಗೆ ಹೋಗಿ ಉಳಿದದ್ದೂ ಒಣಗುತ್ತದೆ. ಬುಡದ ಸುತ್ತ ತೊಗರಿ ಹೊಟ್ಟು, ಜೋಳದ ದಂಟು, ಏನಿದ್ದರೂ ಅರ್ಧ ಅಡಿ ದಪ್ಪ ಹೊದಿಸಿ. ಸಸಿಯ ಪಕ್ಕ ಒಂದು ಹಳೆಯ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ ಜಿನುಗುತ್ತಾ ಇರುತ್ತದೆ, ದಿನಾ ಹಾಕಬೇಕಿಲ್ಲ. ಕಳ್ಳಿ ಹಾಕಿ ಅಂತ ಯಾರಾದರೂ ಹೇಳಿಯಾರು, ನಡೆಯುತ್ತದೆ, ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಸಣ್ಣ ಮಕ್ಕಳಿದ್ದರೆ ಬೇಡ.

ಹೊಲದ ಬದುವಿಗೂ ಮರ ಹಾಕುವ ಯೋಚನೆ ಇದ್ದರೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಬಗ್ಗೆ ಕೇಳಿ. 2011-12ರಿಂದ ಇರುವ ಯೋಜನೆ. ಸಸಿ ಕಡಿಮೆ ಬೆಲೆಗೆ ಸಿಗುತ್ತದೆ, ಬದುಕಿದ ಗಿಡಗಳಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.

ಪ್ರಶ್ನೆ: ನಮ್ಮದು ಬಾಡಿಗೆ ಮನೆ, ಮೂರನೇ ಮಹಡಿ. ಬಾಲ್ಕನಿಗೆ ಏನಾದರೂ?

ಉತ್ತರ: ಬಾಲ್ಕನಿಯಲ್ಲಿ ಮರದ ಸಸಿ ಬೇಡ. ಗ್ರಿಲ್‌ಗೆ ಒಂದು ನೆಟ್ ಕಟ್ಟಿ, ದೊಡ್ಡ ಕುಂಡದಲ್ಲಿ ಬಸಳೆ ಹಬ್ಬಿಸಿ. ಮರೆಯೂ ಆಯಿತು, ಹುಳಿಗೂ ಆಯಿತು. ಬಿಸಿಲು ಜಾಸ್ತಿ ಇದ್ದರೆ ಪ್ಯಾಷನ್ ಫ್ರೂಟ್.

ಪ್ರಶ್ನೆ: ಪಕ್ಕದವರು ಹಾಕಿದ ಸಾಲು ಮರ ನಮ್ಮ ಚಾವಣಿಗೆ ಬಂದಿದೆ. ಎಲೆ ಕಸ ನಮಗೆ, ನೆರಳು ಅವರಿಗೆ. ಕಡಿಸಬಹುದಾ? (ಮೈಸೂರಿನಿಂದ, ಹೆಸರು ಬೇಡ)

ಉತ್ತರ: ಮೊದಲು ಮಾತಾಡಿ. ಮರೆ ಬೇಕು ಅಂತ ಹಾಕಿದವರಿಗೆ ಎತ್ತರಕ್ಕಿಂತ ದಟ್ಟ ಮುಖ್ಯ, ಮೇಲಿನ ಮೂರ್ನಾಲ್ಕು ಅಡಿ ಕತ್ತರಿಸಿದರೆ ಅವರ ಮರೆಗೆ ಏನೂ ಆಗುವುದಿಲ್ಲ, ಕೆಳಗೆ ಇನ್ನೂ ಚಿಗುರುತ್ತದೆ. ಇದನ್ನು ಹೇಳಿದರೆ ಬಹಳ ಜನ ಒಪ್ಪುತ್ತಾರೆ. ನೀವಾಗಿ ಆಳು ಕರೆಸಿ ಬುಡಕ್ಕೆ ಕೊಡಲಿ ಹಾಕಿಸಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಸ್ವಂತ ಸೈಟಿನ ಮರಕ್ಕೂ ಅಷ್ಟೇ. ಸಿಲ್ವರ್ ಓಕ್, ಗ್ಲಿರಿಸಿಡಿಯಾ, ಸುಬಾಬುಲ್, ನೀಲಗಿರಿಯಂಥ ಕೆಲವು ಜಾತಿಗೆ ವಿನಾಯಿತಿ ಇದೆ. ಹೊಸದಾಗಿ ನೆಡುವವರೂ ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಬಿದಿರು ಹಾಕಿದರೆ ಬೇಗ ಮರೆಯಾಗುತ್ತದಂತೆ. ಮನೆ ಹತ್ತಿರ ಬಿದಿರು ಒಳ್ಳೆಯದಲ್ಲ ಅಂತಾರೆ ಅತ್ತೆ. ಯಾವುದು ಸರಿ?

ಉತ್ತರ: ಅತ್ತೆ ಹೇಳಿದ್ದರಲ್ಲೂ ಅರ್ಥ ಇದೆ. ಕಾಡಿನ ಮುಳ್ಳು ಬಿದಿರನ್ನು ಮನೆ ಪಕ್ಕ ಹಾಕಬಾರದು. ಮೆಳೆ ವಿಪರೀತ ದೊಡ್ಡದಾಗುತ್ತದೆ, ತರಗಲೆಯಡಿ ಹಾವು ಸೇರುತ್ತವೆ, ಹೂ ಬಿಟ್ಟ ವರ್ಷ ಇಡೀ ಮೆಳೆ ಒಣಗುತ್ತದೆ. ನಿಮಗೆ ಬೇಕಾದ್ದು ಬೇಲಿಗೆ ಅಂತಲೇ ಬೆಳೆಸುವ, ಬೆರಳು ದಪ್ಪದ, ಮುಳ್ಳಿಲ್ಲದ ಜಾತಿ. ಹೆಡ್ಜ್ ಬಿದಿರು ಅಂತ ಕೇಳಿ. ಒಂದು ದೊಡ್ಡ ಕುಂಡದ ಬಿದಿರು ತಂದು, ಗಡ್ಡೆ ಸಮೇತ ಮೂರ್ನಾಲ್ಕು ಭಾಗ ಮಾಡಿ ನೆಟ್ಟರೆ ಖರ್ಚು ಉಳಿಯಿತು. ಮೂರಡಿಗೊಂದು ಮೆಳೆ, ಗೋಡೆಯಿಂದಲೂ ಮೂರಡಿ ದೂರ, ಸಂಪ್ ಮತ್ತು ಶೌಚದ ಗುಂಡಿಯಿಂದ ಇನ್ನೂ ಆಚೆ. ಮೂರನೇ ವರ್ಷದಿಂದ ಪ್ರತಿ ಬೇಸಿಗೆಯಲ್ಲಿ ಹಳೆಯ ಗಳಗಳನ್ನು ಬುಡಕ್ಕೇ ಕಡಿದು ತೆಗೆಯಿರಿ, ತರಗಲೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿ. ಅವರೆ ಚಪ್ಪರಕ್ಕೆ ಗಳ ಮನೆಯಲ್ಲೇ ಸಿಗುತ್ತದೆ ಅಂತ ಅತ್ತೆಗೆ ಹೇಳಿ ನೋಡಿ.