ದೊಡ್ಡ ಕಟ್ಟಡದಲ್ಲಿ ಆರ್ಕಿಟೆಕ್ಟ್, ಸ್ಟ್ರಕ್ಚರಲ್, ಎಂಇಪಿ (ಎಸಿ, ವಿದ್ಯುತ್, ಕೊಳಾಯಿ) ತಂಡಗಳೆಲ್ಲ ಒಂದೇ ಬಿಮ್ (ಕಟ್ಟಡದ ಮಾಹಿತಿಸಹಿತ 3ಡಿ ಮಾಡೆಲ್) ಫೈಲ್‌ನಲ್ಲಿ ಕೆಲಸ ಮಾಡಬೇಕೇ?

ಬೇಡ. ಮಂಗಳೂರಿನ ನಿಮ್ಮ ಬಹುಮಹಡಿ ಆಸ್ಪತ್ರೆಯ ಯೋಜನೆಯಲ್ಲಿ ಪ್ರತಿ ತಂಡವೂ ತನ್ನ ಮಾಡೆಲನ್ನು ತಾನೇ ಇಟ್ಟುಕೊಂಡು, ಪರಿಶೀಲಿಸಿದ ಪ್ರತಿಯನ್ನು ಮಾತ್ರ ನಿಗದಿತ ದಿನಕ್ಕೆ ಹಂಚಿಕೊಳ್ಳಬೇಕು. ಅವನ್ನೆಲ್ಲ ಒಟ್ಟುಗೂಡಿಸಿದ ಮಾಡೆಲ್ ಇರುವುದು ನೋಡುವುದಕ್ಕೆ, ತಿದ್ದುವುದಕ್ಕಲ್ಲ. 2018ರಲ್ಲಿ ಪ್ರಕಟವಾದ, ಬಿಮ್ ಮಾಹಿತಿ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 19650 ಕೂಡ ತಯಾರಿಯಲ್ಲಿರುವ ಮಾಹಿತಿಯನ್ನು ಹಂಚಿಕೊಂಡ ಮಾಹಿತಿಯಿಂದ ಪ್ರತ್ಯೇಕವಾಗಿಯೇ ಇರಿಸುತ್ತದೆ. ಸಾಫ್ಟ್‌ವೇರ್ ಬೇರೆ ಬೇರೆಯಾಗಿದ್ದರೆ ಐಎಫ್‌ಸಿ (ಬೇರೆ ಬೇರೆ ಬಿಮ್ ಸಾಫ್ಟ್‌ವೇರ್‌ಗಳು ಓದಬಲ್ಲ ಮುಕ್ತ ರೂಪದ) ಫೈಲ್‌ಗಳನ್ನು ಬಳಸಬಹುದು.

ಎಲ್ಲಕ್ಕಿಂತ ಮೊದಲು ಎಲ್ಲ ಮಾಡೆಲ್‌ಗಳಿಗೂ ಒಂದೇ ಆಗಿರಬೇಕಾದ ಮೂಲಬಿಂದು (ಅಳತೆ ಶುರುವಾಗುವ ಜಾಗ), ಉತ್ತರ ದಿಕ್ಕು ಮತ್ತು ಮಟ್ಟಗಳನ್ನು ಲಿಖಿತವಾಗಿ ನಿಗದಿಪಡಿಸಿ. ನಮ್ಮ ಗುಡ್ಡದ ನಿವೇಶನಗಳಲ್ಲಿ ಹಿಂಬದಿಯ ನೆಲವು ರಸ್ತೆಗಿಂತ ಒಂದು ಮಹಡಿಯಷ್ಟು ಕೆಳಗಿರಬಹುದಾದ್ದರಿಂದ, ಸೊನ್ನೆ ಮಟ್ಟ ಯಾವುದೆಂಬುದರಲ್ಲೇ ತಂಡಗಳು ಬೇರೆಯಾದರೆ ಮುಂದಿನ ಪರಿಶೀಲನೆಯೆಲ್ಲ ವ್ಯರ್ಥ.

ಒಂದು ತಂಡದ ಭಾಗ ಇನ್ನೊಂದರ ಭಾಗಕ್ಕೆ ಅಡ್ಡಬರುವ ಕಡೆಗಳನ್ನು ಪಟ್ಟಿಮಾಡುವ ಕ್ಲ್ಯಾಶ್ ವರದಿ ಸಾವಿರಾರು ಸಾಲು ತೋರಿಸಿದರೂ ಗಾಬರಿಯಾಗಬೇಡಿ. ಅವುಗಳಲ್ಲಿ ಹಲವು ಒಂದೇ ಕಾರಣದಿಂದ ಹುಟ್ಟಿದವಾಗಿರುತ್ತವೆ. ಯಾವುದು ಯಾವುದಕ್ಕೆ ಜಾಗ ಬಿಡಬೇಕು ಎಂಬ ಕ್ರಮವೇ ಇಲ್ಲಿ ಮುಖ್ಯವೆಂದು ನನ್ನ ದೃಢ ಅಭಿಪ್ರಾಯ. 12 ಮೀಟರ್ ಉದ್ದದ ಡ್ರೈನೇಜ್ ಪೈಪಿಗೆ 1:100 ಇಳಿಜಾರು ಕೊಟ್ಟರೆ ಅದು ಇನ್ನೊಂದು ತುದಿಯಲ್ಲಿ 120 ಮಿ.ಮೀ. ಕೆಳಗಿಳಿಯುತ್ತದೆ, ಬೀಮಿನ ಅಡಿಗೂ ಫಾಲ್ಸ್ ಸೀಲಿಂಗ್‌ಗೂ ನಡುವೆ ಎಸಿ ಡಕ್ಟಿಗೆಂದು ಉಳಿಸಿದ್ದ ಜಾಗವನ್ನು ಅದೇ ಕಬಳಿಸಬಹುದು. ನೀರಿನ ಇಳಿಜಾರನ್ನು ಬದಲಿಸಲಾಗದ್ದರಿಂದ ಸಾಮಾನ್ಯವಾಗಿ ಡ್ರೈನೇಜ್ ಪೈಪ್ ಮೊದಲು, ದೊಡ್ಡ ಡಕ್ಟ್ ಆಮೇಲೆ, ಸುಲಭವಾಗಿ ಪಕ್ಕಕ್ಕೆ ಸರಿಸಬಹುದಾದ ಕೇಬಲ್ ಟ್ರೇ ಕೊನೆಗೆ. ಕರಾವಳಿಯ ಮಳೆಗೆ ತಾರಸಿಯ ನೀರಿನ ಪೈಪುಗಳೂ ದಪ್ಪವೇ ಬೇಕಾಗುವುದರಿಂದ ಅವನ್ನೂ ಮೊದಲ ಸಾಲಿಗೇ ಸೇರಿಸಿ. ಬೀಮಿನ ಮೂಲಕ ಪೈಪ್ ಹಾಯಿಸುವುದು ಅನಿವಾರ್ಯವಾದರೆ, ಕಾಂಕ್ರೀಟ್ ಹಾಕುವ ಮೊದಲೇ ಸ್ಟ್ರಕ್ಚರಲ್ ಎಂಜಿನಿಯರರ ಒಪ್ಪಿಗೆ ಪಡೆದು ಸ್ಲೀವ್ (ಪೈಪ್ ಹಾಯಲು ದಾರಿ ಬಿಡುವ ಕೊಳವೆ) ಇಡಿಸಿ.