ರಿಬೌಂಡ್ ಹ್ಯಾಮರ್‌ನ ಅಂಕಿ ನಂಬಿ ಮೇಲಂತಸ್ತು ಕಟ್ಟಬಹುದೇ?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನಾವು ಮನೆ ಕಟ್ಟಿಸಿ ಸುಮಾರು 25 ವರ್ಷಗಳಾದವು. ಬಚ್ಚಲುಮನೆಯ ಸ್ಲ್ಯಾಬಿನಿಂದ ಕಾಂಕ್ರೀಟ್ ಉದುರಿ, ತುಕ್ಕು ಹಿಡಿದ ಸರಳುಗಳು ಕಾಣುತ್ತಿವೆ. ರಿಬೌಂಡ್ ಹ್ಯಾಮರ್‌ನಿಂದ (ಕಾಂಕ್ರೀಟಿಗೆ ಬಡಿದು ಪುಟಿತವನ್ನು ಅಳೆಯುವ ಉಪಕರಣ) ಪರೀಕ್ಷಿಸಿದವರು, ಕಾಂಕ್ರೀಟ್ ಗಟ್ಟಿಯಾಗಿದೆ, ಗಿಲಾವು ಮಾಡಿಸಿ ಮೇಲೊಂದು ಅಂತಸ್ತು ಕಟ್ಟಿರಿ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ದಯವಿಟ್ಟು ಒಪ್ಪಬೇಡಿ. ಆ ಉಪಕರಣ ಅಳೆಯುವುದು ಕಾಂಕ್ರೀಟಿನ ಮೇಲ್ಪದರದ ಗಡಸುತನವನ್ನು ಮಾತ್ರ. ಅದರಿಂದ ಅಂದಾಜಿಸುವ ಬಲದಲ್ಲಿ ಶೇ. 25ರಷ್ಟು ಹೆಚ್ಚುಕಡಿಮೆ ಬರುವುದು ಸಾಮಾನ್ಯ. ನಿಮ್ಮ ಮನೆಯ ಮಟ್ಟಿಗೆ ಇದಕ್ಕಿಂತ ಗಂಭೀರವಾದ ಇನ್ನೊಂದು ಕಾರಣವಿದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಸೇರಿ ಕಾಂಕ್ರೀಟಿನ ಸುಣ್ಣದೊಡನೆ ಬೆರೆತಾಗ ಮೇಲ್ಪದರ ಇನ್ನಷ್ಟು ಗಡುಸಾಗುತ್ತದೆ, ಹ್ಯಾಮರ್ ಹೆಚ್ಚಿನ ಅಂಕಿ ತೋರಿಸುತ್ತದೆ. ಆದರೆ ಸರಳನ್ನು ತುಕ್ಕಿನಿಂದ ಕಾಯುತ್ತಿದ್ದ ಕ್ಷಾರಗುಣ ಅದೇ ಕ್ರಿಯೆಯಿಂದ ನಾಶವಾಗಿರುತ್ತದೆ. ಹೀಗೆ ಹಳೆಯ ಕಟ್ಟಡದಲ್ಲಿ ಹಾನಿಯೇ ಒಳ್ಳೆಯ ಅಂಕಿಯಾಗಿ ಕಾಣಿಸಿಕೊಳ್ಳಬಹುದು.

ಇದನ್ನು ತಿಳಿಯುವ ಪರೀಕ್ಷೆ ಅಗ್ಗದ್ದು. ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಕಳೆದುಕೊಂಡ ಭಾಗ ಬಣ್ಣ ತಾಳುವುದಿಲ್ಲ. ಬಣ್ಣವಿಲ್ಲದ ಪದರ ಸರಳಿನವರೆಗೂ ಹೋಗಿದ್ದರೆ, ಅದರ ಮೇಲೆ ಎಷ್ಟು ಗಿಲಾವು ಹಚ್ಚಿದರೂ ತುಕ್ಕು ಒಳಗೆ ಹಿಗ್ಗುತ್ತ ಅದನ್ನು ಮತ್ತೆ ಉದುರಿಸುತ್ತದೆ. ಬಚ್ಚಲಿನ ನೀರು ಸೋರುವುದನ್ನು ಮೊದಲು ನಿಲ್ಲಿಸಿ, ಸಡಿಲ ಕಾಂಕ್ರೀಟನ್ನು ಸರಳಿನ ಹಿಂದಿನವರೆಗೂ ಕೆತ್ತಿಸಿ, ತುಕ್ಕು ತೆಗೆದ ಮೇಲೆ ಸರಳಿನ ವ್ಯಾಸ ಎಷ್ಟು ಉಳಿದಿದೆಯೆಂದು ಅಳೆಸಿರಿ.

ಅಂತಸ್ತಿನ ಭಾರ ಹೊರಬೇಕಾದ ಕಾಲಂ ಮತ್ತು ಬೀಮುಗಳಿಗೆ ಅಲ್ಟ್ರಾಸಾನಿಕ್ ಪರೀಕ್ಷೆಯ (ಕಾಂಕ್ರೀಟಿನೊಳಗೆ ಶಬ್ದತರಂಗ ಹಾಯಿಸಿ ನೋಡುವುದು) ಜೊತೆಗೆ, ಸರಳು ಕತ್ತರಿಸದಂತೆ ಜಾಗ ಗುರುತಿಸಿ, ಕನಿಷ್ಠ ಮೂರು ಕೋರ್ (ಕೊರೆದು ತೆಗೆಯುವ ಉರುಳೆಯಾಕಾರದ ಕಾಂಕ್ರೀಟ್ ತುಂಡು) ತೆಗೆಸುವುದು ಅಗತ್ಯ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಕೋರ್‌ಗಳ ಸರಾಸರಿ ಬಲ ಆ ದರ್ಜೆಯ ಕಾಂಕ್ರೀಟಿಗೆ ನಿಗದಿಯಾದ ಬಲದ ಶೇ. 85ಕ್ಕಿಂತ ಕೆಳಗೆ ಇಳಿಯಬಾರದು, ಯಾವ ಒಂದು ಕೋರ್ ಕೂಡ ಶೇ. 75ಕ್ಕಿಂತ ಕಡಿಮೆಯಿರಬಾರದು.

ಮನೆ ಎರೆಮಣ್ಣಿನ ಮೇಲಿದ್ದು, ಕಿಟಕಿಯ ಮೂಲೆಗಳಿಂದ ಓರೆಯಾಗಿ ಹೊರಟ ಬಿರುಕುಗಳು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿದ್ದರೆ, ದೋಷ ಅಡಿಪಾಯದ್ದಿರಬಹುದು. ಆಗ ಪಕ್ಕದಲ್ಲಿ ಗುಂಡಿ ತೆಗೆದು ಫೂಟಿಂಗ್‌ನ (ಭಾರವನ್ನು ಮಣ್ಣಿಗೆ ಹರಡುವ ಅಡಿಪಾಯದ ತಳಭಾಗ) ಅಳತೆ, ಆಳ ಎರಡನ್ನೂ ನೋಡಲೇಬೇಕು. ಈ ಎಲ್ಲ ಫಲಿತಾಂಶಗಳನ್ನಿಟ್ಟು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವವರೆಗೆ ಆ ಸ್ಲ್ಯಾಬಿನ ಮೇಲೆ ನೀರಿನ ಟಾಕಿಯನ್ನಾಗಲಿ ಇಟ್ಟಿಗೆಯನ್ನಾಗಲಿ ಇಡಬೇಡಿ, ಕೆಳಗೆ ಆಸರೆಯ ಕಂಬ ಕೊಡಿಸಿರಿ.