ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು) ಮಾಡುವಾಗ ಗಾಳಿ ಸಾಲುತ್ತಿಲ್ಲ ಅನಿಸಿತು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಒಳ್ಳೆಯದು ಕೊಂಡುಕೊಳ್ಳಲಾ?

ಬೇಡ. ನಾನು ಕೊಂಡು ನೋಡಿದ್ದೇನೆ.

ನೀವು ಹೇಳಿದ ಹಾಗೇ ನನಗೂ ನೇತ್ರಾಣಿಯಲ್ಲೇ ಆಗಿದ್ದು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ಇಳಿದಿದ್ದೆ. ಸುಮಾರು 10 ಮೀಟರ್ ಆಳ. ಐದು ನಿಮಿಷ ಕಳೆಯುವಷ್ಟರಲ್ಲಿ ಎಷ್ಟು ಎಳೆದರೂ ಎದೆ ತುಂಬುತ್ತಿಲ್ಲ. ಗಾಳಿಯ ಒತ್ತಡ ತೋರಿಸುವ ಮೀಟರ್ ನೋಡಿದರೆ ಸಿಲಿಂಡರಿನಲ್ಲಿ ಇನ್ನೂ 140 ಬಾರ್ ಇದೆ, ತುಂಬಿದಾಗ ಇರುವುದೇ ಸುಮಾರು 200! ಗಾಬರಿಯಾಗಿ, ಮೇಲೆ ಹೋಗೋಣ ಅಂತ ಹೆಬ್ಬೆರಳು ಎತ್ತಿ ತೋರಿಸಿ ಮೇಲೆ ಬಂದುಬಿಟ್ಟೆ. ಬಾಡಿಗೆ ರೆಗ್ಯುಲೇಟರೇ ಸರಿ ಇಲ್ಲ ಅಂದುಕೊಂಡೆ. ಎರಡು ತಿಂಗಳ ಸಂಬಳ ಸುರಿದು ಸ್ವಂತದ್ದು ತಂದೆ. ಮಳೆಗಾಲ ಕಳೆದ ಮೇಲೆ ಅದನ್ನೇ ಕಚ್ಚಿಕೊಂಡು ಇಳಿದೆ. ಮತ್ತೆ ಅದೇ ಕಥೆ.

ದೋಣಿಗೆ ಹತ್ತಿದ ಮೇಲೆ ಇನ್‌ಸ್ಟ್ರಕ್ಟರ್ ಹೇಳಿದರು: "ಸಾರ್, ನಿಮ್ಮ ಗುಳ್ಳೆ ಪುಟುಪುಟು ಅಂತ ಚೂರುಚೂರೇ ಬರ್ತಿದೆ. ನೀವು ಉಸಿರು ಬಿಡ್ತಾನೇ ಇಲ್ಲ."

ತಪ್ಪು ಅಲ್ಲೇ ಇತ್ತು. ಭಯಕ್ಕೆ ನಾನು ಗುಟುಕು ಗುಟುಕಾಗಿ ಎಳೆಯುತ್ತಿದ್ದೆ. ಒಳಗಿದ್ದದ್ದು ಪೂರ್ತಿ ಹೊರಗೆ ಹೋಗುವ ಮೊದಲೇ ಇನ್ನೊಂದು ಗುಟುಕು. ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕಿದರೆ ಎಲ್ಲಿ ಹಿಡಿಸುತ್ತೆ? ಗುಟುಕು ಸಣ್ಣದಾದಷ್ಟೂ ಗಂಟಲಲ್ಲಿ, ಮೌತ್‌ಪೀಸಿನಲ್ಲಿ ಉಳಿದ ಹಳೇ ಗಾಳಿಯೇ ಜಾಸ್ತಿ ಒಳಗೆ ಬರುತ್ತೆ. ಹೀಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತೆ. ಉಸಿರು ಬೇಕು ಬೇಕು ಅಂತ ಮೈ ಒದ್ದಾಡುವುದು ಮುಖ್ಯವಾಗಿ ಅದಕ್ಕೇ. ಆಮ್ಲಜನಕ ಬೇಕಾದಷ್ಟಿತ್ತು, ನನಗೆ ಮಾತ್ರ ಉಸಿರು ಕಟ್ಟುತ್ತಿತ್ತು.

ರೆಗ್ಯುಲೇಟರ್ ತನ್ನ ಕೆಲಸ ಮಾಡುತ್ತಲೇ ಇತ್ತು. ಸಿಲಿಂಡರ್ ಬಾಯಿಗೆ ಕೂರುವ ಫಸ್ಟ್ ಸ್ಟೇಜ್, ಅಡುಗೆ ಗ್ಯಾಸಿನ ರೆಗ್ಯುಲೇಟರ್ ತರಹ, 200 ಬಾರ್ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಮಾತ್ರ ಹೆಚ್ಚಿರುವಷ್ಟಕ್ಕೆ ಇಳಿಸುತ್ತೆ. ಬಾಯಲ್ಲಿ ಕಚ್ಚುವ ಸೆಕೆಂಡ್ ಸ್ಟೇಜಿನಲ್ಲಿ ಒಂದು ತೆಳು ರಬ್ಬರ್ ಪರದೆ ಇದೆ. ಅದರ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನಿಮ್ಮ ಉಸಿರು. ನೀವು ಎಳೆದ ಕೂಡಲೇ ಪರದೆ ಒಳಗೆ ಬಾಗಿ ಒಂದು ಸಣ್ಣ ಸನ್ನೆಕೋಲನ್ನು ಒತ್ತುತ್ತೆ, ಗಾಳಿ ಬರುತ್ತೆ. ಎಳೆಯುವುದು ನಿಲ್ಲಿಸಿದರೆ ಅದೂ ನಿಲ್ಲುತ್ತೆ. ಬರುವ ಗಾಳಿಯ ಒತ್ತಡ ಸುತ್ತಲಿನ ನೀರಿನಷ್ಟೇ ಇರುವುದರಿಂದ ಎದೆ ನೀರಿನ ಜೊತೆ ಗುದ್ದಾಡಬೇಕಿಲ್ಲ. 1943ರಲ್ಲಿ ಫ್ರಾನ್ಸಿನಲ್ಲಿ ನೌಕಾಪಡೆಯ ಅಧಿಕಾರಿ ಕುಸ್ತೋ ಮತ್ತು ಎಂಜಿನಿಯರ್ ಗಾನ್ಯಾ ಮಾಡಿದ್ದು ಇದನ್ನೇ. ಗಾನ್ಯಾ ಅದಕ್ಕೂ ಮೊದಲು ಪೆಟ್ರೋಲ್ ಸಿಗದ ಯುದ್ಧಕಾಲದಲ್ಲಿ ಗ್ಯಾಸಿನಿಂದ ಓಡುವ ಕಾರುಗಳಿಗೆ ಇಂಥದ್ದೇ ವಾಲ್ವ್ ಮಾಡಿದ್ದರು. ಎಂಥ ಚೆಂದದ ಯೋಚನೆ ಅಲ್ವಾ?

ಮೇಲೆ ದೋಣಿಯಲ್ಲೇ ಎಳೆಯಲು ಬಿಗಿ ಅನಿಸಿದರೆ ಮಾತ್ರ ಉಪಕರಣ ಬದಲಿಸಿಕೊಡಿ ಅಂತ ಕೇಳಿ. ಇಲ್ಲದಿದ್ದರೆ ನಾಲ್ಕು ಎಣಿಸುತ್ತಾ ಎಳೆಯಿರಿ, ಆರು ಎಣಿಸುತ್ತಾ ಪೂರ್ತಿ ಬಿಡಿ. ಉಸಿರು ಮಾತ್ರ ಯಾವತ್ತೂ ಹಿಡಿಯಬೇಡಿ. 10 ಮೀಟರಿನಿಂದ ಮೇಲೆ ಬರುವಷ್ಟರಲ್ಲಿ ಶ್ವಾಸಕೋಶದಲ್ಲಿರುವ ಗಾಳಿ ಎರಡರಷ್ಟು ಹಿಗ್ಗುತ್ತೆ, ಪ್ರಾಣಕ್ಕೇ ಕುತ್ತು. ದುಡ್ಡು ಇದ್ದರೆ ನಿಮ್ಮ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ತಗೊಳ್ಳಿ, ಉಳಿದದ್ದರಲ್ಲಿ ಇನ್ನೆರಡು ಸಲ ನೇತ್ರಾಣಿಗೆ ಹೋಗಿ ಇಳಿಯಿರಿ.